ಪೋ ಕಥೆಯೋ, ಶರ್ಲಿ ಜಾಕ್ಸನ್ ಕಥೆಯೋ: ಮೊದಲು ಯಾವುದನ್ನು ಓದಬೇಕು?

ಹಾರರ್ ಕಥೆ ಓದಲು ಶುರು ಮಾಡುವವರಿಗೆ ನಾನು ಎರಡು ಹೆಸರು ಹೇಳುತ್ತೇನೆ. ಎಡ್ಗರ್ ಅಲನ್ ಪೋ ಅವರ 'ದಿ ಟೆಲ್-ಟೇಲ್ ಹಾರ್ಟ್' (1843), ಶರ್ಲಿ ಜಾಕ್ಸನ್ ಅವರ 'ದಿ ಲಾಟರಿ' (1948). ಎರಡೂ ಅಮೆರಿಕದವು, ಎರಡೂ ಕೂತಲ್ಲೇ ಮುಗಿಯುತ್ತವೆ.

ಪೋ ಕಥೆ ಮೊದಲ ಸಾಲಿನಿಂದಲೇ ಹಿಡಿದು ಕೂರಿಸುತ್ತದೆ. ಕೊಲೆ ಮಾಡಿದವನೇ ಕಥೆ ಹೇಳುತ್ತಾನೆ, ನನಗೆ ಹುಚ್ಚಿಲ್ಲ ಅಂತ ಮತ್ತೆ ಮತ್ತೆ ಅನ್ನುತ್ತಾನೆ, ಅವನು ಹಾಗೆ ಅಂದಷ್ಟೂ ನಮಗೆ ಭಯ ಜಾಸ್ತಿ ಆಗುತ್ತದೆ. ಏಳು ರಾತ್ರಿ ಲಾಂದ್ರದ ಬೆಳಕು ಮುಚ್ಚಿಕೊಂಡು ಮುದುಕನ ಕೋಣೆಗೆ ಇಣುಕುತ್ತಾನೆ. ಎಂಟನೇ ರಾತ್ರಿ ಹೆಬ್ಬೆರಳು ಲಾಂದ್ರದ ತಗಡಿನ ಮೇಲೆ ಜಾರಿ ಸದ್ದಾಗುತ್ತದೆ. 'ಯಾರದು?' ಅಂತ ಮುದುಕ ಎದ್ದು ಕೂರುತ್ತಾನೆ. ಆಮೇಲೆ ಪೂರ್ತಿ ಒಂದು ಗಂಟೆ ಒಬ್ಬ ಕತ್ತಲಲ್ಲಿ ಕೂತೇ ಇರುತ್ತಾನೆ, ಇನ್ನೊಬ್ಬ ಬಾಗಿಲಲ್ಲಿ ನಿಂತೇ ಇರುತ್ತಾನೆ. ಅಷ್ಟೇ. ಅಲ್ಲಿ ನನ್ನ ಉಸಿರೇ ನಿಂತ ಹಾಗಾಗಿತ್ತು.

ಜಾಕ್ಸನ್ ದಾರಿ ಪೂರ್ತಿ ಉಲ್ಟಾ. ಜೂನ್ 27, ಒಳ್ಳೆ ಬಿಸಿಲಿನ ಬೆಳಗ್ಗೆ. ಊರ ಗಂಡಸರು ಮಳೆ, ಟ್ರ್ಯಾಕ್ಟರ್, ತೆರಿಗೆ ಅಂತ ಮಾತಾಡುತ್ತಿದ್ದಾರೆ. ಹುಡುಗರು ನುಣುಪಾದ ಕಲ್ಲು ಆರಿಸುತ್ತಿದ್ದಾರೆ. ಯಾಕೆ ಅಂತ ಕಥೆ ಆಗಲೇ ಹೇಳುವುದಿಲ್ಲ. ಪೋ ಕಥೆಯಲ್ಲಿ ಕೇಡು ಒಬ್ಬನ ತಲೆಯೊಳಗಿದೆ, ಅದನ್ನು ದೂರ ಇಡಬಹುದು. ಇಲ್ಲಿರುವವರು ಅಕ್ಕಪಕ್ಕದ ಮನೆಯವರು, ಹೇಗೆ ದೂರ ಇಡುತ್ತೀರಿ?

ಇವತ್ತೇ ರಾತ್ರಿ ಎದೆ ಢವಢವ ಅನ್ನಬೇಕಾ, ಪೋ ತಗೊಳ್ಳಿ. ವಾರಗಟ್ಟಲೆ ಕಾಡುವುದು ಬೇಕು ಅಂದರೆ ಜಾಕ್ಸನ್, ನನ್ನ ಓಟು ಇದಕ್ಕೇ. ಕೊನೆ ಏನಾಗುತ್ತದೆ ಅಂತ ಮಾತ್ರ ಯಾರನ್ನೂ ಕೇಳಬೇಡಿ.