"ದೇವರು ನಿನ್ನನ್ನೇ ತೋರಿಸಿದರು" ಅಂದವರಿಗೆ ಹೂಂ ಅನ್ನುವ ಮುಂಚೆ

ಚರ್ಚಿನ ಸಭೆಯಲ್ಲಿ ಪರಿಚಯವಾದ ಯಾರಾದರೂ ಬಂದು, ನೀನೇ ನನ್ನ ಬಾಳಸಂಗಾತಿ ಅನ್ನುವ ಅರ್ಥದಲ್ಲಿ "ಪ್ರಾರ್ಥನೆಯಲ್ಲಿ ದೇವರು ನಿನ್ನನ್ನೇ ತೋರಿಸಿದರು" ಅಂದರೆ, ದಯವಿಟ್ಟು ತಕ್ಷಣ ಹೂಂ ಅನ್ನಬೇಡಿ. ಅವರು ಈಚೆಗಷ್ಟೇ ಇನ್ನೊಂದು ಸಂಬಂಧ ಮುರಿದು ನೊಂದವರಾಗಿದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಇದು ನನಗೇ ಆದ ಅನುಭವ. ಯಾರ ಹೆಸರನ್ನೂ ಹೇಳುವುದಿಲ್ಲ. ಇನ್ನೊಬ್ಬ ಹುಡುಗಿಗೋ ಹುಡುಗನಿಗೋ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ಅವನು ನಮ್ಮ ಯೌವನಸ್ಥರ ಕೂಟಕ್ಕೆ ಬರುತ್ತಿದ್ದ. ನಿಶ್ಚಯವಾಗಿದ್ದ ಮದುವೆ ಮುರಿದುಹೋಗಿತ್ತು. ಸ್ವಲ್ಪ ದಿನದಲ್ಲೇ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳಿದ, "ಕರ್ತನು ನನ್ನ ಗಾಯವನ್ನು ಪೂರ್ತಿ ವಾಸಿಮಾಡಿದ್ದಾನೆ" ಅಂತ. ಎಲ್ಲರೂ ಸ್ತೋತ್ರ ಅಂದರು, ನಾನೂ ಅಂದೆ. ಆಮೇಲೆ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ. ಉಪವಾಸ ಪ್ರಾರ್ಥನೆಯಲ್ಲಿ ದೇವರು ನನ್ನ ಮುಖವನ್ನೇ ತೋರಿಸಿದರಂತೆ. ಕೂಟ ನಡೆಸುತ್ತಿದ್ದ ಅಕ್ಕನಿಗೆ ಆಗಲೇ ಹೇಳಿಬಿಟ್ಟಿದ್ದ. ಆ ಅಕ್ಕ ನನಗೆ ಹೇಳಿದ್ದು ಇಷ್ಟೇ: "ತುಂಬಾ ನೊಂದಿದ್ದಾನೆ ಕಣಮ್ಮ. ನೀನು ಜೊತೆಗಿದ್ದರೆ ಸರಿಹೋಗ್ತಾನೆ."

ಆ ಮಾತಿನಲ್ಲೇ ಅಪಾಯ ಇತ್ತು. ಅಲ್ಲಿ ನನ್ನ ಇಷ್ಟ ಏನು ಅನ್ನುವ ಪ್ರಶ್ನೆಯೇ ಇರಲಿಲ್ಲ. ಅವನಿಗೆ ಒಂದು ಔಷಧಿ ಬೇಕಿತ್ತು, ನನ್ನನ್ನು ಕೊಟ್ಟರು.

ಮೊದಮೊದಲು ಚೆನ್ನಾಗಿಯೇ ಇತ್ತು. ಬೆಳಿಗ್ಗೆ ವಾಕ್ಯ ಕಳಿಸುತ್ತಿದ್ದ, ಫೋನಿನಲ್ಲಿ ಒಟ್ಟಿಗೆ ಪ್ರಾರ್ಥನೆ ಮಾಡುತ್ತಿದ್ದೆವು. ಆಮೇಲೆ ಆ ಪ್ರಾರ್ಥನೆಗಳೆಲ್ಲ ಅವನ ಅಳುವಿನಲ್ಲೇ ಮುಗಿಯತೊಡಗಿದವು. ಯಾವ ಮಾತು ಶುರುವಾದರೂ ಹಳೆಯ ಹುಡುಗಿಯ ಹತ್ತಿರಕ್ಕೇ ಹೋಗುತ್ತಿತ್ತು. ಒಂದು ದಿನ ಅವಳು ಮೋಸಗಾತಿ, ಮರುದಿನ ಅವಳಷ್ಟು ಅರ್ಥಮಾಡಿಕೊಂಡವರು ಯಾರೂ ಇಲ್ಲ. ನಾನು ಫೋನ್ ಎತ್ತುವುದು ತಡವಾದರೆ "ನೀನೂ ಬಿಟ್ಟು ಹೋಗ್ತೀಯ ಅಲ್ವಾ?" ಅನ್ನುತ್ತಿದ್ದ. ಗೆಳತಿಯರ ಜೊತೆ ಹೊರಗೆ ಹೋದರೆ ಯಾರ್ಯಾರು ಇದ್ದರು ಅಂತ ವಿಚಾರಣೆ. ನನ್ನ ಮನೆಯಲ್ಲಿ ಏನೋ ಕಷ್ಟ ಬಂದು ನಾನು ಅತ್ತ ದಿನವೂ ಕೊನೆಗೆ ನಾನೇ ಅವನನ್ನು ಸಮಾಧಾನ ಮಾಡಬೇಕಾಯಿತು.

ಸ್ವಲ್ಪ ದಿನ ದೂರ ಇರೋಣ ಅಂತ ಕೇಳಿದೆ. ಅವನು ಕೊಟ್ಟ ಉತ್ತರ ನನ್ನನ್ನು ತುಂಬಾ ಕಾಲ ಕಾಡಿತು. "ನನಗಲ್ಲ, ದೇವರ ಚಿತ್ತಕ್ಕೆ ಇಲ್ಲ ಅಂತಿದ್ದೀಯ" ಅಂದ. ಅದಾದ ಮೇಲೆ ನನಗೆ ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಭಯ. ದೇವರಿಗೆ ಎದುರಾಗಿ ನಿಂತಿದ್ದೇನೆ ಅನ್ನುವ ಭಯ. ನಿದ್ದೆ ಹೋಯಿತು, ಊಟ ಸೇರುತ್ತಿರಲಿಲ್ಲ. ಒಬ್ಬ ಮನುಷ್ಯನ ಒಂಟಿತನಕ್ಕೆ ದೇವರ ಹೆಸರು ಸೇರಿಕೊಂಡರೆ, ಅದರಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು.

ಅವನು ಯಾವಾಗಲೂ ಎತ್ತುತ್ತಿದ್ದ ವಾಕ್ಯ ಬೈಬಲಿನ ಆದಿಕಾಂಡ 24ನೇ ಅಧ್ಯಾಯದ ಕೊನೆಯದು. ಇಸಾಕನು ರೆಬೆಕ್ಕಳನ್ನು ಮದುವೆಯಾಗಿ, ಪ್ರೀತಿಸಿ, ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ ಸಮಾಧಾನ ಹೊಂದಿದ ಅಂತ ಅಲ್ಲಿದೆ. "ನೀನೇ ನನ್ನ ರೆಬೆಕ್ಕ" ಅನ್ನುತ್ತಿದ್ದ. ಇದೇ ವಾಕ್ಯವನ್ನು ನಿಮಗೂ ಯಾರಾದರೂ ತೋರಿಸಬಹುದು. ಹಾಗಾದಾಗ ಹಿಂದೆ ಮುಂದೆ ಪೂರ್ತಿ ಓದಿ. ಇಸಾಕ ಹುಟ್ಟುವಾಗ ತಾಯಿ ಸಾರಳಿಗೆ ಸುಮಾರು 90 ವರ್ಷ. ಅವಳು ತೀರಿಕೊಂಡದ್ದು 127ನೇ ವಯಸ್ಸಿನಲ್ಲಿ. ಅಂದರೆ ಆಗ ಇಸಾಕನಿಗೆ ಸುಮಾರು 37. ಅವನು ಮದುವೆಯಾದದ್ದು 40ಕ್ಕೆ, ಅದು ಮುಂದಿನ ಅಧ್ಯಾಯದಲ್ಲೇ ಬರೆದಿದೆ. ಮಧ್ಯೆ ಸುಮಾರು ಮೂರು ವರ್ಷ ಕಳೆದಿದೆ. ಎಲ್ಲರೂ ಮೂರು ವರ್ಷ ಕಾಯಲೇಬೇಕು ಅನ್ನುತ್ತಿಲ್ಲ. ಆದರೆ ನಿನ್ನೆ ಮುರಿದದ್ದನ್ನು ಇವತ್ತು ಇನ್ನೊಬ್ಬರಿಂದ ಜೋಡಿಸಿಕೊಳ್ಳಲು ಈ ವಾಕ್ಯವನ್ನು ಬಳಸಬಾರದು.

ಅದೇ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಇನ್ನೂ ಎರಡು ವಿಷಯ ಇವೆ. ಇಸಾಕನಿಗೆ ಹೆಣ್ಣು ಹುಡುಕಲು ತಂದೆ ಅಬ್ರಹಾಮ ಕಳಿಸಿದ ಸೇವಕ ಬಾವಿಯ ಹತ್ತಿರ ಒಂದು ಗುರುತು ಕೇಳಿ ಪ್ರಾರ್ಥಿಸುತ್ತಾನೆ. ಪ್ರಾರ್ಥನೆ ಮುಗಿಯುವ ಮುಂಚೆಯೇ ರೆಬೆಕ್ಕಳು ಬರುತ್ತಾಳೆ. ಆದರೂ ಅವನು ಆತುರ ಪಡುವುದಿಲ್ಲ. ಇದು ದೇವರಿಂದ ಆದದ್ದೋ ಅಲ್ಲವೋ ಅಂತ ತಿಳಿಯಲು ಮಾತಾಡದೆ ಅವಳನ್ನೇ ನೋಡುತ್ತಿರುತ್ತಾನೆ. ಇನ್ನೊಂದು, ಮನೆಯವರೆಲ್ಲ ಒಪ್ಪಿದ ಮೇಲೂ, ಹೊರಡುವ ಮುಂಚೆ ಅವಳನ್ನೇ ಕರೆದು "ಈ ಮನುಷ್ಯನ ಜೊತೆ ಹೋಗುತ್ತೀಯಾ?" ಅಂತ ಕೇಳುತ್ತಾರೆ. ಅವಳು "ಹೋಗುತ್ತೇನೆ" ಅನ್ನುತ್ತಾಳೆ. ಇಷ್ಟು ಸ್ಪಷ್ಟವಾದ ಗುರುತು ಸಿಕ್ಕ ಜಾಗದಲ್ಲೂ ಹುಡುಗಿಯ ಬಾಯಿಂದ ಉತ್ತರ ಬರಬೇಕಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ.

ಕೊನೆಗೆ ಕೇಳಿದವರು ನಮ್ಮ ಪಾಸ್ಟರಮ್ಮ. ನಾನು ಸೊರಗಿದ್ದನ್ನು ನೋಡಿ ಮನೆಗೆ ಕರೆದು, ಎಲ್ಲ ಕೇಳಿಸಿಕೊಂಡು, "ಅವನಿಗೆ ದೇವರು ಹೇಳಿದ್ದಾಯ್ತು. ನಿನಗೇನು ಅನ್ನಿಸುತ್ತೆ ಮಗಳೇ?" ಅಂದರು. ಅತ್ತುಬಿಟ್ಟೆ. ದೇವರು ಇಬ್ಬರನ್ನು ಸೇರಿಸುವುದಾದರೆ ಒಬ್ಬರ ಕಿವಿಗೆ ಮಾತ್ರ ಯಾಕೆ ಹೇಳುತ್ತಾರೆ ಅಂತ ಅವತ್ತು ಕೇಳಿದರು. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಿ ಅಂತ ಪೌಲ ಥೆಸಲೊನೀಕದ ಸಭೆಗೆ ಬರೆದದ್ದನ್ನು ತೋರಿಸಿದರು. ಪರೀಕ್ಷಿಸುವುದು ಅವಿಧೇಯತೆ ಅಲ್ಲ ಅಂತ ನನಗೆ ಧೈರ್ಯ ಬಂದದ್ದು ಆಗಲೇ.

ಸಂಬಂಧ ಮುಗಿಸಿದೆವು. ಸ್ವಲ್ಪ ಸಮಯದಲ್ಲೇ ಇನ್ನೊಬ್ಬ ಹುಡುಗಿ ನನ್ನ ಹತ್ತಿರ ಬಂದು, "ದೇವರು ನಿನ್ನ ಮುಖ ತೋರಿಸಿದರು ಅಂತ ಅವನು ನನಗೆ ಹೇಳಿದ್ದಾನೆ, ಏನು ಮಾಡಲಿ?" ಅಂತ ಕೇಳಿದಳು. ಈ ಬರಹಕ್ಕೆ ಅದೇ ಕಾರಣ.

ಅವನು ಕೆಟ್ಟವನು ಅಂತ ನಾನು ಹೇಳುವುದಿಲ್ಲ. ಅವನಿಗೆ ಗಾಯವಾಗಿತ್ತು, ಅದನ್ನು ನೋಡುವ ಧೈರ್ಯ ಇರಲಿಲ್ಲ. ಆದರೆ ಗಾಯಗೊಂಡವರಿಂದಲೂ ಬೇರೆಯವರಿಗೆ ನಿಜವಾದ ನೋವಾಗುತ್ತದೆ. ಸಾಕ್ಷಿ ಹೇಳಿದ ಮಾತ್ರಕ್ಕೆ ಮನಸ್ಸು ವಾಸಿಯಾಯಿತು ಅಂತ ನಂಬಬೇಡಿ. ಇವನ್ನು ನೋಡಿ: ಅವರಿಗೆ ಒಂದು ಸಂಜೆ ಒಬ್ಬರೇ ಇರಲು ಆಗುತ್ತದಾ? ನಿಮ್ಮನ್ನು ಬಿಟ್ಟು ಮನಸ್ಸು ಬಿಚ್ಚಿ ಮಾತಾಡಲು ಒಬ್ಬ ಸ್ನೇಹಿತನಾದರೂ, ಹಿರಿಯರಾದರೂ ಇದ್ದಾರಾ? ಹಳೆಯ ಸಂಬಂಧದ ವಿಷಯ ಬಂದರೆ ತಮ್ಮ ಪಾಲಿನ ತಪ್ಪನ್ನು ಹೇಳಿಕೊಳ್ಳುತ್ತಾರಾ? ನಿಮ್ಮ ನೋವಿಗೆ ಅವರಲ್ಲಿ ಜಾಗ ಇದೆಯಾ? ನಾನಾದರೆ ಈಗ ಮೊದಲು ಸಮಯ ಕೇಳುತ್ತೇನೆ. "ಕೆಲವು ತಿಂಗಳು ಬರೀ ಸ್ನೇಹಿತರಾಗಿರೋಣ, ಇಬ್ಬರೂ ಪ್ರಾರ್ಥಿಸೋಣ" ಅಂದಾಗ ಒಪ್ಪುತ್ತಾರಾ, ಸಿಟ್ಟಾಗುತ್ತಾರಾ ನೋಡಿ. ಪ್ರೀತಿಯನ್ನು ಅದರ ಸಮಯಕ್ಕೆ ಮುಂಚೆ ಎಬ್ಬಿಸಬೇಡಿ ಅಂತ ಪರಮಗೀತದಲ್ಲಿ ಮೂರು ಸಲ ಬರುತ್ತದೆ, ಸುಮ್ನೆ ಅಲ್ಲ.

ಇದೇ ಪ್ರಶ್ನೆಗಳನ್ನು ನಾನು ನನಗೂ ಕೇಳಿಕೊಳ್ಳಬೇಕಾಯಿತು, ಯಾಕೆಂದರೆ ಆಮೇಲೆ ಗಾಯವಾಗಿದ್ದದ್ದು ನನಗೆ. ಬೇಗ ಯಾರಾದರೂ ಬಂದು ಪ್ರೀತಿಸಲಿ ಅಂತ ಅನ್ನಿಸುತ್ತಿತ್ತು. ಆ ಹೊತ್ತಿನಲ್ಲಿ 1 ಅರಸುಗಳು 19ನೇ ಅಧ್ಯಾಯ ನನ್ನ ಕೈ ಹಿಡಿಯಿತು. ಪ್ರವಾದಿ ಎಲೀಯನು ತನಗೆ ಸಾವು ಬರಲಿ ಅಂತ ಬೇಡಿಕೊಂಡು ಗಿಡದ ಕೆಳಗೆ ಮಲಗುತ್ತಾನೆ. ದೇವರು ಬೈಯುವುದಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ, ನೀರು. ಆಮೇಲೆ 40 ದಿನದ ನಡಿಗೆ. ಹೋರೇಬ್ ಬೆಟ್ಟದಲ್ಲಿ ದೇವರು ಅವನ ದೂರನ್ನು ಎರಡು ಸಲ ಪೂರ್ತಿ ಕೇಳಿಸಿಕೊಳ್ಳುತ್ತಾರೆ. ಎಲೀಷ ಜೊತೆಗಾರನಾಗಿ ಬರುವುದು ಇದೆಲ್ಲ ಆದ ಮೇಲೆ. ನಾನೂ ನಿದ್ದೆ ಊಟದಿಂದಲೇ ಶುರುಮಾಡಿದೆ. ಕೌನ್ಸೆಲರ್ ಹತ್ತಿರ ಹೋದೆ. "ಯೇಸು ಸಾಕಲ್ವಾ, ಕೌನ್ಸೆಲರ್ ಯಾಕೆ?" ಅಂದವರಿದ್ದರು. ಮೂಳೆ ಮುರಿದರೆ ಪ್ರಾರ್ಥಿಸಿಕೊಂಡೇ ಆಸ್ಪತ್ರೆಗೆ ಹೋಗುತ್ತೇವಲ್ಲ? ಮುರಿದ ಮನಸ್ಸುಳ್ಳವರ ಗಾಯ ಕಟ್ಟುವವನು ಅಂತ 147ನೇ ಕೀರ್ತನೆ ದೇವರನ್ನು ಕರೆಯುತ್ತದೆ. ನನ್ನ ಗಾಯ ಕಟ್ಟಲು ಆತ ಆ ಕೌನ್ಸೆಲರ್ ಕೈಯನ್ನೂ ಬಳಸಿದ ಅಂತ ನಾನು ನಂಬುತ್ತೇನೆ.

ಒಂದು ಗಂಭೀರ ವಿಷಯ. "ನೀನು ಬಿಟ್ಟರೆ ನಾನು ಬದುಕಲ್ಲ" ಅಂತ ಯಾರಾದರೂ ಹೇಳಿದರೆ ಅದನ್ನು ನಿಮ್ಮೊಳಗೇ ಇಟ್ಟುಕೊಳ್ಳಬೇಡಿ. ಅವತ್ತೇ ಅವರ ಮನೆಯವರಿಗೆ, ಪಾಸ್ಟರಿಗೆ ತಿಳಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ಹೇಳಿ. ಅವರ ಜೀವ ಕಾಯಲು ಅಷ್ಟು ಜನ ಬೇಕು. ಅದಕ್ಕೋಸ್ಕರ ನೀವು ಸಂಬಂಧದಲ್ಲಿ ಉಳಿಯಬೇಕಾಗಿಲ್ಲ.

ಕೂಟ ನಡೆಸುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹತ್ತಿರ ಯಾರಾದರೂ ಇಂಥ ದರ್ಶನ ಹೇಳಿಕೊಂಡು ಬಂದರೆ ಮೊದಲು ಅವರ ಗಾಯದ ವಿಷಯ ಕೇಳಿ. ಆ ಇನ್ನೊಬ್ಬರನ್ನು ಒಪ್ಪಿಸಲು ಹೋಗಬೇಡಿ. ಅವರನ್ನು ಬೇರೆಯಾಗಿ ಕೂರಿಸಿಕೊಂಡು ಇಷ್ಟ ಇದೆಯಾ ಅಂತ ಕೇಳಿ. ಇಲ್ಲ ಅಂದರೆ, ಇನ್ನೂ ಗೊತ್ತಿಲ್ಲ ಅಂದರೂ, ಮತ್ತೆ ಮತ್ತೆ ಕೇಳಬೇಡಿ.