ಹೊಳೆದಂಡೆಯ ಕಾಡಿಗೆ ಯಾವ ರಕ್ಷಣೆ: ಅಭಯಾರಣ್ಯ, ಸಂರಕ್ಷಣಾ ಮೀಸಲು, ಸಮುದಾಯ ಮೀಸಲು

ಉತ್ತರ ಕನ್ನಡದ ಸಿದ್ದಾಪುರ ಕಡೆಯ ರಾಮಪತ್ರೆ ಜಡ್ಡಿಗೆ, ಅಂದರೆ ರಾಮಪತ್ರೆ ಜಾತಿಯ ಮರಗಳ ಜೌಗು ಕಾಡಿಗೆ, ಈ ಮೂರರಲ್ಲಿ ಯಾವ ರಕ್ಷಣೆ ಕೇಳಬೇಕು ಅಂದಿರಿ. ಮೊದಲು ಪಹಣಿ ನೋಡಿ. ಜಾಗ ಖಾಸಗಿ ಅಥವಾ ಊರೊಟ್ಟಿನದಾದರೆ ಸಮುದಾಯ ಮೀಸಲು. ಕೊಕ್ಕರೆ ಬೆಳ್ಳೂರು 2007ರಲ್ಲಿ ಹಾಗೇ ಆಯಿತು. ಸರ್ಕಾರಿ ಕಾಡಾದರೆ ಉಳಿದೆರಡರಲ್ಲಿ ಒಂದು.

ಜನರ ಹಕ್ಕಿನ ವಿಷಯದಲ್ಲಿ ಸಂರಕ್ಷಣಾ ಮೀಸಲು ಹಗುರ. ಪಂಚಾಯಿತಿ ಪ್ರತಿನಿಧಿಗಳು ಅದರ ನಿರ್ವಹಣಾ ಸಮಿತಿಯಲ್ಲಿರುತ್ತಾರೆ, ಆದರೆ ಸಮಿತಿಯದು ಸಲಹೆ ಮಾತ್ರ. ಅಭಯಾರಣ್ಯಕ್ಕೆ ಜಿಲ್ಲಾಧಿಕಾರಿ ಹಕ್ಕುಗಳ ವಿಚಾರಣೆ ನಡೆಸಬೇಕು. ಕಾಡಿನಿಂದ ಸೊಪ್ಪು, ದರಕು (ಒಣಗಿದ ಎಲೆ) ತರುವವರಿಗೆ ಆತಂಕ ಸಹಜ.

ಬಿಗಿಯಲ್ಲಿ ಅಭಯಾರಣ್ಯವೇ ಮುಂದು. ರಸ್ತೆ, ಅಣೆಕಟ್ಟಿನ ಭಯವಿದ್ದರೆ ಅದನ್ನೇ ಕೇಳಿ. ಭಯ ದೂರವಿದ್ದು ಊರಿನ ಒಪ್ಪಿಗೆಯೇ ಕಷ್ಟವಾಗಿದ್ದರೆ ಸಂರಕ್ಷಣಾ ಮೀಸಲಿನಿಂದ ಶುರುಮಾಡಿ. ಉದಾಹರಣೆಗೆ, 2011ರಲ್ಲಿ ಸಂರಕ್ಷಣಾ ಮೀಸಲಾದ ಅಘನಾಶಿನಿ ಕಣಿವೆ 2019ರಲ್ಲಿ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಗಡಿ. ಜಡ್ಡಿಯ ಮರಗಳು ಕೆಸರಿನಿಂದ ಮೊಣಕಾಲಿನಂತೆ ಬಾಗಿದ ಬೇರುಗಳನ್ನು ಮೇಲೆತ್ತಿ ಉಸಿರಾಡುತ್ತವೆ. ಮೇಲ್ಗಡೆ ತೊರೆಯನ್ನು ತೋಟಕ್ಕೆ ತಿರುಗಿಸಿದರೆ ಸಾಕು, ಕೊಡಲಿ ತಾಗದೆಯೇ ಕಾಡು ಒಣಗುತ್ತದೆ. ಯಾವುದನ್ನೇ ಆರಿಸಿ, ನೀರಿನ ಮೂಲ ನಕ್ಷೆಯೊಳಗೆ ಬರಲೇಬೇಕು. ಸಣ್ಣ ಸಮುದಾಯ ಮೀಸಲಿನಲ್ಲಿ ಅದು ಹೊರಗುಳಿಯುವ ಸಂಭವ ಹೆಚ್ಚು.