ತೆರ್ಮೆ ತೊಪ್ಪೋ, ಕಣಿಲೆಯೋ?

ಕೊಡಗಿನ ಮಳೆಗಾಲದಲ್ಲಿ ತೆರ್ಮೆ ತೊಪ್ಪು ಎಂಬ ಜರೀಗಿಡದ ಕುಡಿ, ಕಣಿಲೆ ಎಂಬ ಬಿದಿರಿನ ಮೊಳಕೆ ಎರಡೂ ಸಿಗುತ್ತವೆ. ಇವತ್ತೇ ಅಡುಗೆ ಆಗಬೇಕೆಂದರೆ ತೆರ್ಮೆ ತೊಪ್ಪನ್ನೇ ಆರಿಸಿ. ತೊರೆಯ ಬದಿಯ ಈ ಜರೀಗಿಡದ ಸುರುಳಿ ಬಿಚ್ಚದ ಎಳೆ ಕುಡಿ ಮಾತ್ರ ಬೇಕು. ಬೆರಳಲ್ಲಿ ಬಗ್ಗಿಸಿದರೆ ಟಕ್ಕನೆ ಮುರಿಯಬೇಕು. ಮೇಲಿನ ಕಂದು ಹೊಟ್ಟನ್ನು ಉಜ್ಜಿ ತೊಳೆದು, ಈರುಳ್ಳಿ, ಬೆಳ್ಳುಳ್ಳಿ, ಹಸಿಮೆಣಸಿನ ಒಗ್ಗರಣೆಯಲ್ಲಿ ಚೆನ್ನಾಗಿ ಬೇಯಿಸಿದರೆ ಘಮಘಮಿಸುವ ಪಲ್ಯ ಸಿದ್ಧ. ಹಸಿಯಾಗಿ ತಿನ್ನಬಾರದು. ಜರೀಗಿಡಗಳೆಲ್ಲ ತಿನ್ನುವಂಥವಲ್ಲ, ಗುರುತು ಬಲ್ಲವರ ಜೊತೆಗೇ ಕೊಯ್ಯಿರಿ.

ಕಣಿಲೆಗೆ ತಾಳ್ಮೆ ಬೇಕು. ಬಿದಿರಿನ ಈ ಎಳೆ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಹೆಚ್ಚಿ, ದಿನವೂ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ ನೀರು ಬಸಿಯಲೇಬೇಕು. ಆದರೆ ಉಪ್ಪುನೀರಿನಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ತೆರ್ಮೆ ಬೇಗ ಬಾಡುತ್ತದೆ. ಅಕ್ಕಿರೊಟ್ಟಿಯ ಜೊತೆಗೆ ನನ್ನ ಆಯ್ಕೆ ಮಾತ್ರ ತೆರ್ಮೆಯೇ.